ಚಿಕ್ಕಪ್ಪ ಕೊರೆದ ಕೊನೆಯ ನಳಿಗೆ

ಚಿಕ್ಕಪ್ಪನ ಮುಂಗೈ ಕೂದಲಿನಲ್ಲಿ ಸದಾ ಉಕ್ಕಿನ ಸಣ್ಣ ಸುರುಳಿಗಳು ಸಿಕ್ಕಿಕೊಂಡಿರುತ್ತಿದ್ದವು. ಊಟಕ್ಕೆ ಕೂತಾಗ ಚಿಕ್ಕಮ್ಮ ಬೈಯುತ್ತಲೇ ಅವನ್ನು ಹೆಕ್ಕಿ ತೆಗೆಯುತ್ತಿದ್ದಳು.

ಹೊಸಪೇಟೆಯಲ್ಲಿ ಅವರದು ಪರವಾನಗಿ ಇದ್ದ ಕೋವಿ ದುರಸ್ತಿ ಅಂಗಡಿ. ಬೆಳೆ ಕಾಯಲು ರೈತರು ಇಟ್ಟುಕೊಳ್ಳುವ, ಬಾಯಿಯ ಕಡೆಯಿಂದ ಮದ್ದು ತುಂಬುವ ಹಳೆಯ ಬಗೆಯ ಕೋವಿಗಳಿಗೆ ಹೊಸ ನಳಿಗೆ ಕೂರಿಸುವುದರಲ್ಲಿ ಅವರಿಗೆ ಭಾರೀ ಹೆಮ್ಮೆ. "ಕೋವಿಗೆ ಬಿರುಸು ಉಕ್ಕು ಬ್ಯಾಡವಾ, ತಾಳಿಕಿ ಇರೋದು ಬೇಕು. ಹಿಗ್ಗಿದ್ರ ಹಿಗ್ಗಲಿ, ಸಿಡೀಬಾರ್ದು" ಎನ್ನುತ್ತಿದ್ದರು. ಕೊರೆಯುವಾಗ ಉದುರುವ ಲೋಹದ ಹೊಟ್ಟು ಶಾವಿಗೆಯಂತೆ ಉದ್ದಕ್ಕೆ ಬಂದರೆ ಮಾತ್ರ ಆ ಉಕ್ಕಿಗೆ ಅವರಲ್ಲಿ ಮರ್ಯಾದೆ. ಮುಂದೆ ನಾನು ಲೋಹಶಾಸ್ತ್ರ ಓದಿದ್ದು ಆ ಶಾವಿಗೆಯ ದೆಸೆಯಿಂದಲೇ.

ಕೆಲಸದ ಕೊನೆಯ ವರ್ಷ ಅವರ ಭುಜ ಸೋತಿತ್ತು. ಸಂಡೂರಿನ ಗುಜರಿಯಲ್ಲಿ ಸಿಕ್ಕ ಒಂದು ಸರಳು ಬೆಣ್ಣೆಯಂತೆ ಕೊರೆಯಲು ಬಂತು, ಕನ್ನಡಿಯಂತೆ ಹೊಳೆಯಿತು. ಅದರಲ್ಲಿ ಎರಡು ನಳಿಗೆ ಮಾಡಿದರು. ಒಂದು, ಹಾರಿಸಿ ನೋಡುವ ಪರೀಕ್ಷೆಯಲ್ಲಿ ತಾಳಿಕೊಂಡು, ಮಲಪನಗುಡಿಯ ರೈತನೊಬ್ಬನ ಕೋವಿಗೆ ಹೋಯಿತು. ಇನ್ನೊಂದನ್ನು ಮರಕ್ಕೆ ಕಟ್ಟಿ ಹಾರಿಸಿದಾಗ, ಮಾಡಿಸಿದ ಚೋರನೂರಿನ ರೈತನ ಎದುರಿಗೇ ಉದ್ದಕ್ಕೆ ಸೀಳಿತು.

"ಏನ್ರಿ ಮೇಸ್ತ್ರಿ, ಹಂದಿ ಸಾಯ್ಲಿ ಅಂತ ಮಾಡ್ಸಿದ್ನೋ, ನಾ ಸಾಯ್ಲಿ ಅಂತ ಮಾಡ್ಸಿದ್ನೋ?" ಎಂದು ಆತ ಎದ್ದು ಹೋದ.

ಸುದ್ದಿ ಕೇಳಿ ಅಂಗಡಿಗೆ ಹೋದೆ. ನೆಲದ ಮೇಲಿದ್ದದ್ದು ಶಾವಿಗೆಯಲ್ಲ, ನುಚ್ಚು. ಸುಲಭವಾಗಿ ಕೊರೆಯಲು ಬರಲಿ ಎಂದು ಗಂಧಕ ಬೆರೆಸಿದ ಉಕ್ಕು, ಮದ್ದಿನ ಹೊಡೆತ ತಾಳುವುದಿಲ್ಲ. ಚಿಕ್ಕಪ್ಪ ಆ ನುಚ್ಚನ್ನು ಕಂಡಿದ್ದರು. ಭುಜಕ್ಕೆ ಹಗುರವಾಯಿತೆಂದು ಸುಮ್ಮನಿದ್ದರು.

"ಮಲಪನಗುಡಿದು?" ಎಂದೆ.

"ಅದು ಪಾಸಾಗೇತಿ."

"ಒಂದ್ಸಲ."

ಸಂಜೆ ಇಬ್ಬರೂ ಮಲಪನಗುಡಿಗೆ ಹೋದೆವು. "ಪಾಲಿಶ್ ಬಾಕಿ ಐತ್ರಿ, ಕೋವಿ ಕೊಡ್ರಿ" ಎಂದರು ಚಿಕ್ಕಪ್ಪ.

"ಹಂದಿ ಏನು ಅದರಾಗ ಮಾರಿ ನೋಡ್ಕೊಂತಾವೇನ್ರಿ?" ಮಲಪನಗುಡಿಯ ರೈತ ನಕ್ಕ. "ನಾಳೆ ಮದ್ದು ತರ್ತೀನಿ. ಪಾಲಿಶ್ ಕಬ್ಬು ಕಡದ ಮ್ಯಾಲ. ಹೌದಲ್ಲವಾ?"

ಕೊನೆಯ ಮಾತು ನನಗೆ. ನಾನು ಅವನು ಕೊಟ್ಟ ಚಹಾ ಎತ್ತಿಕೊಂಡೆ. ಚಿಕ್ಕಪ್ಪನನ್ನು ಆ ರೈತನೆದುರೇ ಸುಳ್ಳುಗಾರರನ್ನಾಗಿ ಮಾಡಲು ಬಾಯಿ ಬರಲಿಲ್ಲ. ಚಹಾ ಕುಡಿದು ಎದ್ದು ಬಂದೆವು. ಮೊಪೆಡ್ ಮೇಲೆ ಅವರ ಬೆನ್ನ ಹಿಂದೆ ಕೂತೆ. ಮನೆಯ ಹತ್ತಿರ ಬಂದಾಗ ಅವರು ತಿರುಗದೆ ಹೇಳಿದರು: "ಖರೇ ಹೇಳಾಕ ನನ್ನ ಬಾಯಿಂದ ಆಗ್ಲಿಲ್ಲ ನೋಡವಾ."

ಮರುದಿನ ಬೆಳಗ್ಗೆ ಮೊದಲ ಬಸ್ಸಿಗೆ ಒಬ್ಬಳೇ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಆ ರೈತ ಸಿಟ್ಟಾಗಲಿಲ್ಲ. "ನಿನ್ನಿ ಇಲ್ಲೇ ಕುಂತು ಚಾ ಕುಡುದ್ರಲ್ಲವಾ" ಎಂದಷ್ಟೇ ಅಂದ. ಕೋವಿಯನ್ನು ಗೋಣಿಯಲ್ಲಿ ಸುತ್ತಿಕೊಂಡು ನನ್ನ ಜೊತೆ ಅಂಗಡಿಗೆ ಬಂದ.

ಚಿಕ್ಕಪ್ಪ ಯಾರನ್ನೂ ನೋಡದೆ ನಳಿಗೆ ಬಿಚ್ಚಿ ಮೇಜಿನ ಇಕ್ಕಳಕ್ಕೆ ಬಿಗಿದರು. ಗರಗಸ ಹಿಡಿದರು, ಭುಜ ಏಳಲಿಲ್ಲ. ನಾನು ಅದನ್ನು ಅವರ ಕೈಯಿಂದ ತೆಗೆದುಕೊಂಡು ನಳಿಗೆಯನ್ನು ನಡುವಿಗೆ ಕೊಯ್ದು ಹಾಕಿದೆ.