ಬುಗುಡಿ ಬಿಚ್ಚಿಸಿದ ಕಿವಿ ಮಿಷನ್ನು

ಕಿವುಡಾದವಳು ನಾನು. ಯಾವ ಮಿಷನ್ನು ಬೇಕೆಂದು ತೀರ್ಮಾನಿಸಿದವರು ಕಿವಿ ಚೆನ್ನಾಗಿದ್ದವರು. ಅದಕ್ಕೇ ಮೊದಲನೆಯದು ದಂಡವಾಯಿತು. ನಡೆದದ್ದು ಇಷ್ಟೇ. ಯಜಮಾನರ ಪ್ರಾಣಕ್ಕೆ ಬಂದಿತ್ತು ಅನ್ನುವುದೆಲ್ಲ ಜನ ಆಮೇಲೆ ಸೇರಿಸಿದ್ದು.

ಎಂಬತ್ತರ ದಶಕದ ಮೊದಮೊದಲು. ಪುರವರದ ಕಡೆ ನಮ್ಮದು ಕಂಬಳಿ ನೇಯುವ ಮನೆ. ಕುರಿ ಉಣ್ಣೆ ನೂಲುವವರು ಹೆಂಗಸರು, ನೇಯುವವರು ಗಂಡಸರು. ಮಾರುವುದಕ್ಕೂ ಗಂಡಸರೇ ಹೋಗಬೇಕು. ಆದರೆ ನಮ್ಮ ಯಜಮಾನರ ನೇಯ್ಗೆಯನ್ನು ಯಾರಾದರೂ ಹೊಗಳಿದರೆ ಮುಗಿಯಿತು, ಕೇಳಿದ ಬೆಲೆಗೆ ಕೊಟ್ಟು ಮೇಲೊಂದು ಕಾಫಿ ಕುಡಿಸಿ ಕಳಿಸುತ್ತಿದ್ದರು. ಹಾಗಾಗಿ ಮಧುಗಿರಿ, ಶಿರಾ, ಕೊರಟಗೆರೆ ಸಂತೆಗಳಲ್ಲಿ ಗಂಟು ಬಿಚ್ಚಿ ಕೂರುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಯಾರಿಗೂ ಬಡಿಸದೆ, ಯಾರ ಅಪ್ಪಣೆಯೂ ಇಲ್ಲದೆ ನಾನು ಕೂರುತ್ತಿದ್ದ ಜಾಗ ಅದೊಂದೇ. ಬಿಟ್ಟುಕೊಡುವ ಯೋಚನೆ ನನಗಿರಲಿಲ್ಲ.

ಅಷ್ಟರಲ್ಲಿ ಕಿವಿ ಮಂದವಾಯಿತು. ಸಂತೆಯಲ್ಲಿ ಬೆಲೆಯನ್ನು ಮೆಲ್ಲಗೆ ಕೇಳುತ್ತಾರೆ, ಪಕ್ಕದವರಿಗೆ ತಿಳಿಯಬಾರದಲ್ಲ. ನಾನು ಸುಮ್ಮನೆ ತಲೆಯಾಡಿಸಿ ಒಳ್ಳೆಯ ಕಂಬಳಿಗಳನ್ನು ಕಳೆದುಕೊಂಡೆ.

"ಸಂತೆ ಸಾಕು ಬುಡು. ಮನೇಲಿ ನೂಲ್ಕೊಂಡಿರು," ಎಂದರು ಯಜಮಾನರು.

"ಕೇಳಿಸ್ಲಿಲ್ಲ," ಎಂದೆ. ಆ ಮಾತು ಮಾತ್ರ ಚೆನ್ನಾಗಿ ಕೇಳಿಸಿತ್ತು.

ನನ್ನ ಗಲಾಟೆ ತಾಳಲಾರದೆ ತುಮಕೂರಿಗೆ ಕರೆದುಕೊಂಡು ಹೋದರು. ಅಂಗಡಿಯವನು ಎರಡು ಥರದ ಮಿಷನ್ನು ಮುಂದಿಟ್ಟ. ಒಂದು ಬೆಂಕಿಪೊಟ್ಟಣಕ್ಕಿಂತ ದೊಡ್ಡ ಡಬ್ಬಿ, ಅದರಿಂದ ಕಿವಿಗೊಂದು ವೈರು. ಇನ್ನೊಂದು ಎಳೆ ಹುಣಸೆಕಾಯಿಯ ಹಾಗೆ ಬಾಗಿದ್ದು, ಕಿವಿಯ ಹಿಂದೆ ಕೂರುವಂಥದ್ದು. ಕೇಳಿಸಬೇಕಾದವಳು ನಾನು. ಅವನು ಕೇಳಿದ್ದು ಯಜಮಾನರನ್ನು: "ಯಾವ್ದು ಕೊಡ್ಲಿ?"

ಯಜಮಾನರು ಒಂದೊಂದು ಅಂಗೈಯಲ್ಲಿ ಒಂದೊಂದು ಇಟ್ಟುಕೊಂಡು ತೂಗಿ ನೋಡಿದರು. ನಮ್ಮಲ್ಲಿ ಕಂಬಳಿ ನೋಡುವುದೇ ಹಾಗೆ, ಕೈಗೆ ಭಾರ ಸಿಕ್ಕಿದರೆ ಉಣ್ಣೆ ದಂಡಿಯಾಗಿದೆ ಎಂದರ್ಥ.

"ಇದ್ರಾಗೆ ಮಾಲೈತೆ ಕಣೆ," ಎಂದು ಡಬ್ಬಿ ಹಿಡಿದರು. "ಅದು ಊದಿದ್ರೆ ಹಾರೋಗ್ತದೆ."

"ಜೇಬಲ್ಲಿ ಇಟ್ಕೊಂಡ್ರೆ ಆಯ್ತಮ್ಮ," ಎಂದ ಅಂಗಡಿಯವನು. ಯಾವ ಜೇಬು ಎಂದು ನನ್ನನ್ನೂ ಕೇಳಲಿಲ್ಲ, ತನ್ನನ್ನೂ ಕೇಳಿಕೊಳ್ಳಲಿಲ್ಲ.

ಸೊಂಟಕ್ಕೆ ಸಿಕ್ಕಿಸಿದರೆ ನನ್ನ ಹೊಟ್ಟೆಯ ಗುಡುಗು ನನಗೇ ಕೇಳುತ್ತಿತ್ತು. ರವಿಕೆಯೊಳಗಿಟ್ಟರೆ ಸೀರೆ ಉಜ್ಜಿ ಕರಕರ. ಕೊನೆಗೆ ದಾರ ಕಟ್ಟಿ ಕೊರಳಿಗೆ ನೇತುಹಾಕಿಕೊಂಡು ಶಿರಾ ಸಂತೆಗೆ ಹೋದೆ.

"ಕ್ರಿಕೆಟ್ ಬರ್ತಾ ಐತಾ ಅಮ್ಮಾ? ಸ್ಕೋರ್ ಎಷ್ಟು?" ಎಂದರು ಪಕ್ಕದ ಸಾಬರು, ರೇಡಿಯೋ ಅಂದುಕೊಂಡು. ಪಾವಗಡದ ಕಡೆಯವನೊಬ್ಬ "ಏಮಮ್ಮಾ, ಪಾಟಲು ವಸ್ತಾಯಾ?" ಎಂದು ಹಾಡು ಬರುತ್ತದಾ ಅಂತ ತೆಲುಗಿನಲ್ಲಿ ಕೇಳಿದ. ಅದನ್ನೂ ಸಹಿಸಬಹುದಿತ್ತು. ಆದರೆ ಮಿಷನ್ನಿಗೆ ಮಾತಾಡಬೇಕೆಂದು ತಿಳಿದ ಗಿರಾಕಿಗಳೆಲ್ಲ ಬಗ್ಗಿ ಬಗ್ಗಿ ನನ್ನ ಎದೆಗೇ ಬೆಲೆ ಹೇಳತೊಡಗಿದರು. ಮುಖ ನೋಡಿ ಚೌಕಾಸಿ ಮಾಡಿದವರು ಒಬ್ಬರೂ ಇಲ್ಲ.

ಸುದ್ದಿ ನನಗಿಂತ ಮುಂಚೆ ಮನೆ ಸೇರಿತ್ತು. "ಮಾನ ಹೋಯ್ತು. ಮುಂದಿನ್ ವಾರದಿಂದ ನಾನೇ ಹೋಗ್ತೀನಿ," ಎಂದರು ಯಜಮಾನರು. ಆರಿಸಿದ್ದು ತಾವು, ಹೋದ ಮಾನ ನನ್ನಿಂದ.

ನಾನು ಒಬ್ಬಳೇ ಬಸ್ಸು ಹತ್ತಿ ತುಮಕೂರಿಗೆ ಹೋಗಿ ಡಬ್ಬಿ ಹಿಂದಿರುಗಿಸಿ, ಹುಣಸೆಕಾಯಿಯಂಥದ್ದನ್ನು ಕಿವಿಗಿಟ್ಟು ನೋಡಿದೆ. ಅದು ಕೂರಲಿಲ್ಲ. ಕಿವಿಯ ಮೇಲಂಚಿನಲ್ಲಿ ಬುಗುಡಿ ಇತ್ತು, ಮದುವೆಯಲ್ಲಿ ಹಾಕಿ ತಿರುಪು ಬಿಗಿದದ್ದು. ಆ ತಿರುಪೇ ಅಡ್ಡ. ಅಂಗಡಿಯವನು ಕಿವಿಯ ಅಚ್ಚು ತೆಗೆದುಕೊಂಡು, ಬುಗುಡಿ ಬಿಚ್ಚಿಸಿ ಬಾ ಎಂದ.

ಮನೆಯಲ್ಲಿ ಅತ್ತೆ ಕುಣಿದುಬಿಟ್ಟರು. "ಗಂಡ ಕಲ್ಲುಗುಂಡ್ನಂಗೆ ಕುಂತವ್ನೆ, ಕಿವಿ ಬರಿದು ಮಾಡ್ಕೋತೀಯೇನೇ? ಅವನಿಗೇನಾದ್ರೂ ಆದ್ರೆ?"

"ಓಲೆ ಅಂಗೇ ಇರ್ತದಲ್ಲ ಅತ್ತೆ. ಒಂದು ಕಿವೀದು ಬುಗುಡಿ ತಾನೆ?"

"ಅರ್ಧ ಮುತ್ತೈದೆ ಅಂತ ಯಾರಾದ್ರೂ ಇದ್ದಾರೇನೇ?"

ಯಜಮಾನರು ಮಗ್ಗ ಬಿಟ್ಟು ಎದ್ದು ಹೋಗಿ ಕನ್ನಡಿಯಲ್ಲಿ ತಮ್ಮ ನಾಲಿಗೆ ನೋಡಿಕೊಂಡರು.

ಮಧುಗಿರಿಯ ಅಕ್ಕಸಾಲಿ ಇಕ್ಕಳ ಹಿಡಿದು "ಯಜಮಾನ್ರು ಅವ್ರಾ ತಾಯಿ?" ಎಂದ. "ಅವ್ರೆ. ನೀನು ಬೇಗ ಬಿಚ್ಚು," ಎಂದೆ. ಬುಗುಡಿಯನ್ನು ಸೆರಗಿಗೆ ಗಂಟು ಹಾಕಿ, ತುಮಕೂರಿಗೆ ಹೋಗಿ, ಹೊಸದನ್ನು ಕಿವಿಗೇರಿಸಿಕೊಂಡು ಬಂದೆ. ಸೆರಗು ಹೊದ್ದರೆ ಯಾರಿಗೂ ಕಾಣದು. ಕಾಣದ್ದರಿಂದ ಯಾರೂ ನಂಬಲೂ ಇಲ್ಲ. "ಇಷ್ಟುದ್ದ ಇಲ್ಲ, ಅದ್ರಾಗೇನ್ ಕೇಳಿಸ್ತದೆ?" ಎಂದರು ಅತ್ತೆ.

ಮಾರನೆಯ ವಾರ, ಕೊರಟಗೆರೆ ಸಂತೆಯ ಹಿಂದಿನ ದಿನ, ಯಜಮಾನರು ನೆಂಟರ ಮನೆಯ ಊಟಕ್ಕೆ ಹೋದರು. ಕುರಿಯ ತಲೆಮಾಂಸ ಮಾಡಿದ್ದರು. ಇವರು ಎಷ್ಟು ತಿಂದರೋ, ಸಂಜೆಯ ಹೊತ್ತಿಗೆ ಹೊಟ್ಟೆ ಹಿಡಿದುಕೊಂಡು ಚಾಪೆಯ ಮೇಲೆ ಹೊರಳಾಡುತ್ತಿದ್ದರು. ಕೇರಿಯ ಹೆಂಗಸರೆಲ್ಲ ಜಮಾಯಿಸಿದರು. ನೋಡಲು ಬಂದದ್ದು ಯಜಮಾನರನ್ನು, ನೋಡಿದ್ದು ನನ್ನ ಕಿವಿಯನ್ನು.

ನಾನು ಅಡುಗೆಮನೆಯಲ್ಲಿ ಓಮಿನ ಕಷಾಯಕ್ಕೆ ಇಟ್ಟಿದ್ದೆ. ಪಡಸಾಲೆಯಲ್ಲಿ ಪಕ್ಕದ ಮನೆಯ ಅಕ್ಕ ಪಿಸುಗುಟ್ಟಿದಳು: "ಬುಗುಡಿ ಬಿಚ್ಚಿದ್ದೇ ಬಿಚ್ಚಿದ್ದು, ನೋಡ್ದಾ?"

"ಸಂತೆ ರುಚಿ ಕಣಮ್ಮ. ಇವನು ಹೋದ್ರೂ ಇವ್ಳು ಸಂತೆ ಬುಡಲ್ಲ," ಎಂದರು ಅತ್ತೆ, ಇನ್ನೂ ಮೆಲ್ಲಗೆ.

ಒಂದಕ್ಷರ ತಪ್ಪದೆ ಕೇಳಿಸಿತು. ಅಂಗಡಿಯಲ್ಲಿ ಗಂಟೆ ಬಾರಿಸಿ, ಕೈ ತಟ್ಟಿ ಏನೇನೋ ಪರೀಕ್ಷೆ ಮಾಡಿದ್ದರು. ಇದಕ್ಕಿಂತ ಒಳ್ಳೆಯ ಪರೀಕ್ಷೆ ಯಾವುದಿದೆ?

"ತಲೆಮಾಂಸ ತಿಂದಿದ್ದು ಬುಗುಡಿ ಅಲ್ಲ ಕಣಕ್ಕ!" ಎಂದು ಒಲೆಯ ಮುಂದಿನಿಂದಲೇ ಕೂಗಿದೆ.

ಕಷಾಯ ಕುಡಿಸಿದೆ. ಸ್ವಲ್ಪ ಹೊತ್ತಿಗೆ ಯಜಮಾನರು ಒಂದು ದೊಡ್ಡ ತೇಗು ತೇಗಿ ಎದ್ದು ಕೂತರು. ಬಂದವರು ಒಂಥರಾ ಬೇಸರದಿಂದ ಮನೆಗೆ ಹೋದರು.

ಅತ್ತೆ ಸೋಲಲಿಲ್ಲ. "ಗಂಡ ಉಳಿದವ್ನೆ, ಬುಗುಡಿ ಹಾಕ್ಕೊಂಡ್ ಮನೇಲಿ ಬಿದ್ದಿರು," ಎಂದರು. ಯಜಮಾನರೂ ಗೋಡೆಗೆ ಒರಗಿಕೊಂಡು, "ನಾಳೆ ಸಂತೆಗೆ ನಾನೇ..." ಎಂದು ಶುರುಮಾಡಿ, ಮತ್ತೆ ಹೊಟ್ಟೆ ಹಿಡಿದುಕೊಂಡರು.

ಮರುದಿನ ಬೆಳಿಗ್ಗೆ ಅವರಿಬ್ಬರಿಗೂ ಗಂಜಿ ಕಾಯಿಸಿಟ್ಟು, ಕಂಬಳಿ ಗಂಟು ಹೊತ್ತುಕೊಂಡು ಮೊದಲನೇ ಬಸ್ಸು ಹತ್ತಿದೆ. ಕೊರಟಗೆರೆಯಲ್ಲಿ ನನ್ನ ಜಾಗದಲ್ಲಿ ಯಾರೋ ಈರುಳ್ಳಿ ಸುರಿದುಕೊಂಡು ಕೂತಿದ್ದ. ಎಬ್ಬಿಸಿದೆ.