ಗುರ್ರಣ್ಣನ ಕಿವಿ

ಹೆತ್ತವರು ಇಟ್ಟ ಹೆಸರು ಬೇರೆಯೇ ಇದ್ದರೂ ಬೀದಿಯವರೆಲ್ಲ ಅವನನ್ನು ಕರೆಯುತ್ತಿದ್ದದ್ದು ಗುರ್ರಣ್ಣ ಎಂದೇ. ಹಳೆಯ ಪೆಟ್ರೋಲ್ ಗರಗಸಗಳನ್ನು ಹುಡುಕಿ ತಂದು, ಬಿಚ್ಚಿ, ತೊಳೆದು, ಮತ್ತೆ ಗುರ್ರೆನ್ನಿಸುವ ಹುಚ್ಚು ಅವನದು. ಮೂವತ್ತು ವರ್ಷ ಅಚ್ಚುಕೂಟದಲ್ಲಿ ಮೆಷಿನ್ ಓಡಿಸಿದವನು. ಅಚ್ಚುಕೂಟ ಮುಚ್ಚಿದ ಮೇಲೆ ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಹೆಂಡತಿ ಅಡುಗೆಮನೆಯ ಡಬ್ಬಗಳನ್ನು ಒಂದು ಕಡೆ ಇಟ್ಟರೆ ಇವನು ಇನ್ನೊಂದು ಕಡೆ ಇಡುತ್ತಿದ್ದ. "ರೀ, ನಿಮ್ಮ ಕೈಗೆ ಏನಾದ್ರೂ ಕೆಲಸ ಹುಡುಕಿಕೊಳ್ಳಿ, ಇಲ್ಲಾಂದ್ರೆ ನಾನೇ ಮನೆ ಬಿಟ್ಟು ಹೋಗ್ತೀನಿ" ಎಂದು ಅವಳು ಅಂದ ವಾರದಲ್ಲೇ ಮೊದಲ ಗರಗಸ ಮನೆಗೆ ಬಂತು. ಹಾಗೆ ಅಂದದ್ದಕ್ಕೆ ಅವಳು ಆಮೇಲೆ ಬಹಳ ಸಲ ನಾಲಗೆ ಕಚ್ಚಿಕೊಂಡಳು.

ಆರು ವರ್ಷದಲ್ಲಿ ಹಿತ್ತಲಿನ ಶೆಡ್ಡಿನಲ್ಲಿ ಹನ್ನೊಂದು ಸೇರಿದವು. ಪ್ಲಾಸ್ಟಿಕ್ ಮೈಯವು ಅವನಿಗೆ ಬೇಡ. ಎತ್ತಿದರೆ ತೋಳು ಜಗ್ಗುವ ಲೋಹದವೇ ಆಗಬೇಕು. ಕೊಳ್ಳುವ ಮುಂಚೆ ಸ್ಟಾರ್ಟರಿನ ಹಗ್ಗವನ್ನು ಮೆಲ್ಲಗೆ ಎಳೆದು ನೋಡುತ್ತಿದ್ದ. ಎಳೆತಕ್ಕೆ ಎದುರು ಕೊಟ್ಟರೆ ಒಳಗೆ ಜೀವ ಇದೆ. ಸಡಿಲವಾಗಿ ಬಂದರೆ ಇಲ್ಲ. ಅವನು ನಿಜವಾಗಿ ಹೆಸರುವಾಸಿಯಾದದ್ದು ಮಾತ್ರ ಟ್ಯೂನಿಂಗಿನಲ್ಲಿ. ಪೆಟ್ರೋಲು, ಗಾಳಿಯ ಹದ ಕೂರಿಸುವ ಕಾರ್ಬ್ಯುರೇಟರಿನ ಸ್ಕ್ರೂ ತಿರುಗಿಸುತ್ತ ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಖಾಲಿ ಓಡುವಾಗ ಗರಗಸ ಗಂಟಲಲ್ಲಿ ನೀರಿಟ್ಟುಕೊಂಡವರಂತೆ ಸ್ವಲ್ಪ ತೊದಲಬೇಕು. ಮರಕ್ಕೆ ಇಳಿದ ಕೂಡಲೇ ತೊದಲು ಹೋಗಿ ದನಿ ಬಿಚ್ಚಬೇಕು. ತೊದಲೇ ಇಲ್ಲದೆ ಕಿರುಚಿದರೆ ಪೆಟ್ರೋಲು ಸಾಲುತ್ತಿಲ್ಲ, ಅದರೊಳಗೆ ಬೆರೆಸಿದ ಎಣ್ಣೆಯೂ ಸಾಲುತ್ತಿಲ್ಲ ಎಂದರ್ಥ. ಹಾಗೇ ಓಡಿಸಿದರೆ ಪಿಸ್ಟನ್ ಕಾದು ಕಚ್ಚಿಕೊಳ್ಳುತ್ತದೆ.

ಬೇಸಿಗೆಯ ಶುರುವಿಗೆ ಮರ ಕಡಿಯುವವನೊಬ್ಬ ತನ್ನ ಗರಗಸ ತಂದ. ಮಗಳ ಜೊತೆ ಊರೂರು ತಿರುಗಿ, ರಸ್ತೆಗೆ ಬಿದ್ದ ಮರ, ಮನೆ ಮೇಲೆ ಬಾಗಿದ ಕೊಂಬೆ ಕತ್ತರಿಸಿ ಬದುಕುವವನು ಅವನು. ಗರಗಸ ಅವನ ಮದುವೆಗಿಂತ ಹಳೆಯದು. ಗುರ್ರಣ್ಣ ಅರ್ಧ ದಿನ ಕೂತು ಟ್ಯೂನ್ ಮಾಡಿದ. ಬಟ್ಟೆ ಒಣಹಾಕುತ್ತಿದ್ದ ಹೆಂಡತಿ, "ಯಾಕ್ರೀ ಅದು ಹೀಗೆ ಕೀರಲು ಕೂಗ್ತಿದೆ?" ಎಂದಳು.

"ನಿನಗೇನೇ ಗೊತ್ತು? ಅಡುಗೆ ನೋಡ್ಕೋ ಹೋಗು."

ಮೂರನೆಯ ದಿನ ಗರಗಸ ದಿಮ್ಮಿಯ ನಡುವೆಯೇ ಗಕ್ಕನೆ ನಿಂತಿತು. ಮರ ಕಡಿಯುವವನು ಅದನ್ನು ಮತ್ತೆ ಹೊತ್ತು ತಂದ. ಸೈಲೆನ್ಸರ್ ಬಿಚ್ಚಿ ಟಾರ್ಚ್ ಹಿಡಿದರೆ ಪಿಸ್ಟನ್ ಮೈತುಂಬ ಗೀರು. ಗುರ್ರಣ್ಣನ ಬಾಯಿ ತಾನಾಗೇ ಆಡಿಬಿಟ್ಟಿತು: "ಪೆಟ್ರೋಲಿಗೆ ಎಣ್ಣೆ ಕಡಿಮೆ ಹಾಕಿದ್ದೀಯ ಕಣಯ್ಯ."

ಅವನು ಗರಗಸ ಅಲ್ಲೇ ಬಿಟ್ಟು ಹೊರಟುಹೋದ.

ಗುರ್ರಣ್ಣ ಊಟದ ತಟ್ಟೆಯಿಂದ ಅರ್ಧಕ್ಕೇ ಎದ್ದ. ಶೆಡ್ಡಿಗೆ ಹೋಗುವುದು, ಬರುವುದು, ಬಾಗಿಲು ಹಾಕುವುದು, ತೆಗೆಯುವುದು. ಕೊನೆಗೆ ತನ್ನದೇ ಒಂದು ಗರಗಸ ಚಾಲೂ ಮಾಡಿ ಹೆಂಡತಿಯನ್ನು ಕರೆದ. ಸ್ಕ್ರೂ ತಿರುಗಿಸುತ್ತ ಕೂಗಿದ, "ತೊದಲ್ತಿದೆಯೇನೇ?"

"ಹೂಂ, ತೊದಲ್ತಿದೆ."

ಇನ್ನೊಂದು ಚೂರು ತಿರುಗಿಸಿದ.

"ಈಗ ತೊದಲು ನಿಂತುಹೋಯ್ತಲ್ಲ! ಅವತ್ತಿನ ಹಾಗೇ ಕಿರುಚ್ತಿದೆ. ನಿಮಗೆ ಕೇಳ್ತಿಲ್ವಾ?"

ಅವನಿಗೆ ಎರಡೂ ಒಂದೇ ಆಗಿ ಕೇಳುತ್ತಿದ್ದವು. ಎಂಜಿನ್ ಆರಿಸಿ, ಅಲ್ಲೇ ಎಣ್ಣೆ ಡಬ್ಬದ ಮೇಲೆ ಕುಸಿದು ಕೂತ. ಹೆಂಡತಿ ಬೈಯುವ ಮನಸ್ಸಿನಲ್ಲಿ ಬಂದವಳು ಬೈಯಲಿಲ್ಲ. ಅವನ ಹೆಗಲ ಮೇಲಿನ ಮರದ ಹೊಟ್ಟು ಕೊಡವಿದಳು.

ಹುಡುಕಿಕೊಂಡು ಹೋದಾಗ ಮರ ಕಡಿಯುವವನು ಹಳೆಯ ಗೋದಾಮಿನ ಹಿಂದೆ ಕೊಡಲಿ ಬೀಸುತ್ತಿದ್ದ. ಗುರ್ರಣ್ಣ ಕಾಲಿಂದ ಕಾಲಿಗೆ ಮೈಭಾರ ಬದಲಿಸುತ್ತ ಎಲ್ಲ ಒದರಿದ. "ತಪ್ಪು ನಂದೇ. ನನ್ನ ಕಿವಿ ಕೈಕೊಟ್ಟಿದೆ. ಎಣ್ಣೆ ಮಾತು ಸುಳ್ಳು."

ಕೊಡಲಿ ಕೆಳಗಿಳಿಯಿತು. "ಎಣ್ಣೆ ಬೆರೆಸೋಳು ನನ್ನ ಮಗಳು, ಗುರ್ರಣ್ಣ. ನಿಮ್ಮ ಮಾತು ನಂಬಿ ಅವಳಿಗೆ ಬಾಯಿಗೆ ಬಂದ ಹಾಗೆ ಬೈದೆ. ಹತ್ತು ದಿನದಿಂದ ನನ್ನ ಹತ್ರ ಮಾತಾಡ್ತಿಲ್ಲ. ನನಗೆ ಹೇಳೋದು ಬಿಡಿ, ಅವಳಿಗೆ ಹೇಳಿ."

ಅವಳು ಅಲ್ಲೇ, ಕಡಿದ ಕೊಂಬೆಗಳಿಗೆ ಹಗ್ಗ ಬಿಗಿಯುತ್ತಿದ್ದಳು. ಇಪ್ಪತ್ತೈದರ ಗಟ್ಟಿ ಹೆಣ್ಣು. ಗುರ್ರಣ್ಣ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಗಂಟು ಹಾಕಿ ಮುಗಿಸಿ, ತಲೆ ಎತ್ತಿದಳು.

"ಅಳತೆ ಡಬ್ಬ ತಂದು ತೋರಿಸಿದ್ದೆ ಮಾಮ. ಅಪ್ಪ ನೋಡಲೇ ಇಲ್ಲ. ನೀವು ಹೇಳಿದ್ರೆ ವೇದವಾಕ್ಯ ಅವರಿಗೆ."

ಗುರ್ರಣ್ಣ ಮನೆಗೆ ಬಂದು, ಶೆಡ್ಡಿನಲ್ಲಿದ್ದ ಅದೇ ಮಾದರಿಯ ತನ್ನ ಗರಗಸವನ್ನು, ಎಲ್ಲಕ್ಕಿಂತ ಅಕ್ಕರೆಯದನ್ನು, ಬಿಚ್ಚಿ ಹಾಕಿದ. ಅದರ ಸಿಲಿಂಡರ್, ಪಿಸ್ಟನ್ ಎರಡನ್ನೂ ಮರ ಕಡಿಯುವವನ ಗರಗಸಕ್ಕೆ ಕೂರಿಸಿದ. ಎರಡು ದಿನ ಹಿಡಿಯಿತು. ಬಿಗಿದ ನಟ್ಟನ್ನೇ ಮೂರು ಮೂರು ಸಲ ನೋಡಿದ.

ಟ್ಯೂನ್ ಮಾಡುವ ದಿನ ತಂದೆ ಮಗಳು ಇಬ್ಬರೂ ಬಂದರು. ಗುರ್ರಣ್ಣ ಸ್ಕ್ರೂಡ್ರೈವರನ್ನು ಅವಳ ಕೈಗಿತ್ತ.

"ನನಗೆ ಬರಲ್ಲ ಮಾಮ."

"ನನಗೂ ಇನ್ನು ಬರಲ್ಲ, ತಾಯಿ. ದಾರಿ ನಾನು ಹೇಳ್ತೀನಿ, ಕೇಳಿಸಿಕೊಳ್ಳೋಳು ನೀನು."

ಗರಗಸ ಮೊದಲು ತೀರ ತೊದಲಿ ಹೊಗೆ ಕಾರಿತು, ಆಮೇಲೆ ಕಿರುಚಿತು. ಅವಳು ಹುಬ್ಬು ಗಂಟಿಕ್ಕಿ ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸಿದಳು. "ಈಗ ಸರಿ" ಎಂದು ದಿಮ್ಮಿಗೆ ಇಳಿಸಿದಳು. ಹೊಟ್ಟು ಹಾರಿತು. ಗರಗಸ ಆರಿದ್ದೇ ತಡ, ಗುರ್ರಣ್ಣ ಸ್ಪಾರ್ಕ್ ಪ್ಲಗ್ ಬಿಚ್ಚಿ ತುದಿಯನ್ನು ಬೆಳಕಿಗೆ ಹಿಡಿದ. ಬೆಳ್ಳಗೆ ಸುಟ್ಟಿರಲಿಲ್ಲ, ಕರಿ ಕಟ್ಟಿರಲಿಲ್ಲ. ಹದ ಸರಿಯಿದ್ದರೆ ಬರುವ ತಿಳಿ ಕಂದು ಬಣ್ಣ.

"ಸರಿಯಾಗೇ ಕೇಳಿದ್ದೀಯ."

ಮರ ಕಡಿಯುವವನು ಮಗಳ ಮುಖ ನೋಡಿದ. "ನನ್ನದೂ ತಪ್ಪಾಯ್ತು ಕಣವ್ವಾ" ಎಂದ. ಅವಳು ಕೂಡಲೇ ಕರಗಲಿಲ್ಲ. "ಮನೆಗೆ ನಡೀರಿ, ಅಲ್ಲಿ ಮಾತಾಡೋಣ" ಎಂದಳಷ್ಟೇ. ಆದರೆ ಹೋಗುವಾಗ ಗರಗಸವನ್ನು ಅಪ್ಪನೇ ಹೊತ್ತ, ಅವಳು ಬೇಡ ಅನ್ನಲಿಲ್ಲ.

ಈಗ ಶನಿವಾರ ಶನಿವಾರ ಅವಳು ಬರುತ್ತಾಳೆ. ಗುರ್ರಣ್ಣ ಬಿಚ್ಚಿ ಜೋಡಿಸಿದ್ದನ್ನು ಅವಳು ಕೇಳಿ ಟ್ಯೂನ್ ಮಾಡುತ್ತಾಳೆ. ಅವಳು ಬರುವುದು ಹತ್ತು ಗಂಟೆಗೆ. ಇವನು ಏಳಕ್ಕೇ ಗೇಟು ತೆಗೆದು, ಬೀದಿಯ ಎರಡೂ ಕಡೆ ಕತ್ತು ಉದ್ದ ಮಾಡಿ ನೋಡಿ, ಒಳಗೆ ಬಂದು, ಮತ್ತೆ ಹೊರಗೆ ಹೋಗುತ್ತಾನೆ.