ಮಾಮ ಸಿಗಿಸಿದ ಬೆಂಕಿಪೆಟ್ಟಿಗೆ ಚೂರು

ತೊಂಬತ್ತರ ದಶಕದ ಕೊನೆಯಲ್ಲಿ ನನ್ನ ಮದುವೆ ನಡೆದದ್ದು ತಮಿಳು ಸೀಮೆಯ ದಿಂಡಿಗಲ್ಲಿನಲ್ಲಿ, ಸೋದರಮಾವನ ಕಲ್ಯಾಣಮಂಟಪದಲ್ಲಿ. ಅಲ್ಲಿನ ಲಿಫ್ಟ್ ಮುದಿಯಾಗಿತ್ತು. ಅದನ್ನು ನಡೆಸುವ ಬೋರ್ಡನ್ನೇ ಬದಲಾಯಿಸಿ, ಹಳೆಯದರ ಬಿಡಿಭಾಗ ಈಗ ಸಿಗುವುದಿಲ್ಲ ಎಂದು ಮೆಕ್ಯಾನಿಕ್ ಬಡಕೊಂಡಿದ್ದ. ಮಾಮ ಕೇಳಬೇಕಲ್ಲ! ದ್ರಾಕ್ಷಿ ತೋಟದಲ್ಲಿ ಪಂಪ್‌ಸೆಟ್ಟಿನ ಸ್ಟಾರ್ಟರ್ ಹಿಡಿಯದಿದ್ದರೆ ರಟ್ಟಿನ ಚೂರು ಸಿಗಿಸಿ ಓಡಿಸಿದ ಕೈ ಅದು.

"ನಮ್ ಬಾವಿ ಮೋಟ್ರು ಓಡ್ತಿಲ್ವಾ? ಅದೂ ಕರೆಂಟೇ, ಇದೂ ಕರೆಂಟೇ" ಎಂದು ಮೂಗು ಮುರಿದಿದ್ದರು.

ಮುಹೂರ್ತಕ್ಕೆ ಹೆಣ್ಣನ್ನು ಕೈಹಿಡಿದು ಕರೆತರುವವನು ಸೋದರಮಾವ. ಮೇಲಿನ ಕೋಣೆಯಿಂದ ನಾವಿಬ್ಬರೂ ಲಿಫ್ಟ್ ಹತ್ತಿದೆವು. ಎರಡು ಮಹಡಿಗಳ ನಡುವೆ ಅದು ಗಕ್ಕನೆ ನಿಂತಿತು. ಕಂಬಿಬಾಗಿಲಿನಾಚೆ ಬರೀ ಗೋಡೆ, ಅದರ ಮೇಲೆ ನೆಂಟರ ಪಾದಗಳು. ಹೂವಿನ ವಾಸನೆಗೆ ಉಸಿರು ಕಟ್ಟಿತು. ರೇಷ್ಮೆ ಸೀರೆ ಬೆವರಿಗೆ ಅಂಟಿಕೊಂಡಿತು. ಕೆಳಗೆ ನಾಗಸ್ವರದವರು ನುಡಿಸಿದ್ದನ್ನೇ ನುಡಿಸುತ್ತಿದ್ದರು. ಮುಹೂರ್ತ ಮೀರಿದರೆ ನನ್ನ ಗತಿಯೇನು?

ಮೆಕ್ಯಾನಿಕ್ ಓಡಿಬಂದು ಮೇಲೆ ಬೋರ್ಡ್ ತಡಕುತ್ತಿದ್ದ. ಎಲ್ಲಿ ಕೆಟ್ಟಿದೆಯೆಂದು ಗೊತ್ತಾಗಲಿಲ್ಲ. ಮಾಮ ನನ್ನ ಮುಖ ನೋಡುತ್ತಿರಲಿಲ್ಲ.

"ಏನ್ ಮಾಡಿದ್ದೀರಿ ಮಾಮಾ? ಯೋಳಿ!" ಎಂದೆ. ಅಳು ತಡೆಯಲಾಗಲಿಲ್ಲ.

"ಅಳಬ್ಯಾಡ ನನ್ ಕಣ್ಣೇ" ಎಂದವರೇ ಮೇಲೆ ನಿಂತಿದ್ದ ನಮ್ಮತ್ತೆಗೆ, ಅಂದರೆ ತಮ್ಮ ಹೆಂಡತಿಗೆ, ತಮಿಳು ಮಾತ್ರ ಬಲ್ಲ ಮೆಕ್ಯಾನಿಕ್ಕಿಗೆ ತಿಳಿಯದಿರಲೆಂದು ಕನ್ನಡದಲ್ಲಿ ಕೂಗಿದರು: "ಏಯ್, ಎಡಗಡೆ ಸಂದಿ ಒಳಗೆ ಬೆಂಕಿಪೆಟ್ಟಿಗೆ ಚೂರು ಸಿಗಿಸಿವ್ನಿ! ಜಾರಿರ್ಬೇಕು. ನೀನೇ ಕಂಡಂಗೆ ಅವನಿಗೆ ತೋರ್ಸು!"

ದಿಂಡಿಗಲ್ಲಿನ ಬಸ್ಸಿನಲ್ಲಿ, ಅಂಗಡಿಯಲ್ಲಿ ಗುಟ್ಟಿನ ಮಾತಿಗೆಲ್ಲ ನಮಗೆ ಕನ್ನಡವೇ. ಆ ಅಭ್ಯಾಸದಲ್ಲಿ ಪಾಪ, ಮಾಮನಿಗೆ ಮರೆತೇಹೋಗಿತ್ತು. ಕೊಂಬೈಯಿಂದ ಬಂದಿದ್ದ ಬೀಗರು, ಹನುಮಂತನಪಟ್ಟಿಯ ನೆಂಟರು, ಮಂಟಪದಲ್ಲಿ ಕೂತಿದ್ದವರೆಲ್ಲ ಮನೆಯಲ್ಲಿ ಕನ್ನಡವಾಡುವ ನಮ್ಮವರೇ. ಆ ಕೂಗು ಅರ್ಥವಾಗದೆ ಉಳಿದವನು ಮೆಕ್ಯಾನಿಕ್ ಒಬ್ಬನೇ. ನಾಗಸ್ವರವೂ ಕೇಳದಂತೆ ನಗು ಎದ್ದಿತು.

ಅತ್ತೆ ತೋರಿಸಿದ್ದೇ ತಡ, ಲಿಫ್ಟ್ ಕುಲುಕಿ ಕೆಳಗಿಳಿಯಿತು. ಮುಹೂರ್ತಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಬಾಗಿಲು ತೆರೆದರೂ ಮಾಮ ಕದಲಲಿಲ್ಲ, ತಲೆ ತಗ್ಗಿಸಿ ಮೂಲೆಗೆ ಒತ್ತಿಕೊಂಡು ನಿಂತಿದ್ದರು. ಅವರ ಮೇಲೆ ಉರಿಯುತ್ತಿದ್ದ ಸಿಟ್ಟೆಲ್ಲ ಇಳಿದು ನನಗೆ ಸಂಕಟವಾಯಿತು.

"ಬನ್ನಿ ಮಾಮಾ" ಎಂದೆ.

ಹೆಣ್ಣನ್ನು ಕರೆದೊಯ್ಯುವವನು ಸೋದರಮಾವ. ಅವತ್ತು ನಾನೇ ಅವರ ಕೈ ಹಿಡಿದು, ನಗುವವರ ನಡುವೆ ಮಂಟಪಕ್ಕೆ ಕರೆದುಕೊಂಡು ಹೋದೆ.